ಒಂದು ಮುಚ್ಚಳಕ್ಕೆ ಮೂರು ಮುಚ್ಚಳ

ನಮ್ಮ ದೋಣಿಯ ಮುಂಭಾಗದಲ್ಲಿ ಸಾಮಾನು ಇಡುವ ಒಂದು ಪೆಟ್ಟಿಗೆ ಇದೆ. ಹಗ್ಗ, ಲಂಗರು, ಗಾಳದ ಡಬ್ಬಿ, ಒಂದು ಹಳೇ ಟಾರ್ಪಾಲು, ಎಲ್ಲ ಅದರೊಳಗೆ. ಆ ಪೆಟ್ಟಿಗೆಯ ಮುಚ್ಚಳ ನಾನೇ ಮನೆಯಲ್ಲಿ ಮಾಡಿದ್ದು. ಬಿಳಿ ಫೈಬರ್ ಮುಚ್ಚಳ. ನೋಡಲಿಕ್ಕೆ ಚೆನ್ನಾಗಿಯೇ ಇದೆ. ಆದರೆ ಎಡಮೂಲೆಯ ಹತ್ತಿರ ಹುಣಸೆ ಬೀಜದಷ್ಟು ಅಗಲದ ಒಂದು ತಗ್ಗು ಇದೆ. ತೋರಿಸದಿದ್ದರೆ ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ದೋಣಿ ಹತ್ತಿದ ಕೂಡಲೇ ಕಾಣುವುದು ಅದೊಂದೇ. ಬೆಳಿಗ್ಗೆ ಏಳು ಗಂಟೆಯ ಓರೆ ಬಿಸಿಲಿಗಂತೂ ಬಾವಿಯ ಹಾಗೆ ಕಾಣುತ್ತದೆ. ಅದು ನನ್ನ ಬಲಗೈ ಹೆಬ್ಬೆರಳಿನ ಗುರುತು. ತಮಾಷೆ ಏನೆಂದರೆ ಆ ಮುಚ್ಚಳವನ್ನು ನಾನು ಹೆಬ್ಬೆರಳಿನಿಂದ ಒತ್ತಿದ್ದೇ ಇಲ್ಲ. ಅದು ಹುಟ್ಟುವುದಕ್ಕೆ ಎರಡು ವಾರ ಮೊದಲು, ಬೇರೆಯೇ ಒಂದು ವಸ್ತುವಿನ ಮೇಲೆ ಒತ್ತಿದ್ದು.

ದೋಣಿ ಸೆಕೆಂಡ್ ಹ್ಯಾಂಡ್. 16 ಅಡಿ ಉದ್ದ. ಗಂಗೊಳ್ಳಿ ಕಡೆಯಿಂದ ತಂದದ್ದು. ಪಂಚಗಂಗಾವಳಿಯ ಹಿನ್ನೀರಿನಲ್ಲಿ ಭಾನುವಾರ ಸುಮ್ನೆ ಸುತ್ತುವುದಕ್ಕೆ, ಗಾಳ ಹಾಕಿ ಕೂರುವುದಕ್ಕೆ ಅಷ್ಟೇ. ಹಳೇ ಮುಚ್ಚಳ ಬಿಸಿಲಿಗೆ ಸೀಳಿತ್ತು. ಯಾರೋ ಅದರ ಮೇಲೆ ನಿಂತಾಗ ಎರಡು ತುಂಡಾಯಿತು. ಬೇರೆ ತರೋಣ ಅಂದರೆ ಆ ಅಳತೆಯದ್ದು ಎಲ್ಲೂ ಸಿಗುವುದಿಲ್ಲ. ಫೈಬರ್ ಕೆಲಸ ಮಾಡುವ ಒಂದು ಕಡೆ ಕೇಳಿದೆ. ಒಂದೇ ಪೀಸಿಗೆ ಅಚ್ಚು ಮಾಡುವುದು ಯಾರಿಗೂ ಪೂರೈಸುವುದಿಲ್ಲ, ಪ್ಲೈವುಡ್ ತುಂಡು ಹಾಕಿ ಬಿಡಿ ಅಂದರು. ಸರಿಯಾದ ಮಾತೇ. ಆದರೆ ಆ ಪೆಟ್ಟಿಗೆಯ ಮೇಲ್ಭಾಗ ಸ್ವಲ್ಪ ಉಬ್ಬಿದ ಹಾಗಿದೆ, ನೀರು ಎರಡೂ ಕಡೆ ಹರಿದು ಹೋಗಲಿ ಅಂತ. ಪ್ಲೈವುಡ್ ಅದರ ಮೇಲೆ ಕೂರುವುದಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅಚ್ಚು ಮಾಡಿ ನೋಡುವ ಚಪಲ.

ಮೀನಿನ ಪೆಟ್ಟಿಗೆಯ ಪಾಠ

ಫೈಬರ್ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಫೈಬರ್ ಅಂದರೆ ಗಾಜಿನ ನೂಲಿನ ಚಾಪೆಗೆ ರೆಸಿನ್ ಎಂಬ ಅಂಟು ದ್ರವ ಕುಡಿಸಿ ಗಟ್ಟಿ ಮಾಡಿದ್ದು. ಆ ಚಾಪೆಗೆ ಮ್ಯಾಟ್ ಅನ್ನುತ್ತಾರೆ. ಇಲ್ಲಿ ವಸ್ತುವನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಅದೇ ಆಕಾರದ ಒಂದು ನಕಲು ಮಾಡಬೇಕು. ಮರದ್ದಾಗಲಿ, ಪ್ಲಾಸ್ಟರಿನದ್ದಾಗಲಿ. ಅದಕ್ಕೆ ಪ್ಲಗ್ ಅನ್ನುತ್ತಾರೆ. ಅದರ ಮೇಲೆ ಫೈಬರ್ ಹಾಕಿ, ಒಣಗಿಸಿ, ಎಬ್ಬಿಸಿದರೆ ಅಚ್ಚು. ಆ ಅಚ್ಚಿನೊಳಗೆ ಮತ್ತೆ ಫೈಬರ್ ಹಾಕಿ ಎಬ್ಬಿಸಿದರೆ ಕೊನೆಗೆ ನಿಮಗೆ ಬೇಕಾದದ್ದು. ಒಂದು ಮುಚ್ಚಳಕ್ಕೆ ಮೂರು ಮುಚ್ಚಳ. "ಅಷ್ಟು ಚಂದದ ಮರದ ಮುಚ್ಚಳ ಮಾಡಿ ಆದ್ಮೇಲೆ ಅದನ್ನೇ ದೋಣಿಗೆ ಹಾಕ್ಬಾರ್ದೇನ್ರೀ?" ಎಂದು ನನ್ನ ಹೆಂಡತಿ ಕೇಳಿದ್ದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಸಲ ಪ್ಲಗ್ ಮಾಡಿದ್ದು ಥರ್ಮೊಕೋಲಿನಲ್ಲಿ. ನಮ್ಮ ಕಡೆ ಮೀನು ಬರುವ ಥರ್ಮೊಕೋಲ್ ಪೆಟ್ಟಿಗೆಗಳಿಗೆ ಬರವಿಲ್ಲ. ಎರಡು ದೊಡ್ಡ ಪೆಟ್ಟಿಗೆ ತಂದು ತೊಳೆದು, ತುಂಡುಗಳನ್ನು ಅಂಟಿಸಿ, ಅಡುಗೆ ಮನೆಯ ಚಾಕುವಿನಿಂದ ಕೆತ್ತಿದೆ. ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಅರ್ಧ ದಿನದಲ್ಲಿ ಮುಚ್ಚಳದ ಆಕಾರ ಬಂತು. ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ಹೆದರುತ್ತಾರೋ ಅನ್ನಿಸಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಅಂಗಳದಲ್ಲಿ ಹಲಸಿನ ಮರದ ನೆರಳು. ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಒಂದು ಕಿಲೋ ರೆಸಿನ್ ಮಗ್ಗಿಗೆ ಸುರಿದು, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಹಾಕಿ ಕಲಕಿ, ಬ್ರಶ್ಶಿನಲ್ಲಿ ಬಳಿದೆ. ಬಳಿದ ಕಡೆ ಥರ್ಮೊಕೋಲ್ ಕುಸಿಯತೊಡಗಿತು. ಮೊದಲು ಸಣ್ಣ ಹಳ್ಳ. ಆಮೇಲೆ ದೊಡ್ಡ ಗುಂಡಿ. ಬಿಳಿ ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಲೋಳೆಯಾಗಿ ಕೆಳಗೆ ಇಳಿದವು. "ಬೆಲ್ಲ ಕರಗ್ದಂಗೆ ಕರಗ್ತಲ್ಲಾ" ಎಂದರು ಅಮ್ಮ, ಬಹಳ ಆಸಕ್ತಿಯಿಂದ.

ಆಮೇಲೆ ಓದಿ ತಿಳಿದುಕೊಂಡೆ. ಪಾಲಿಯೆಸ್ಟರ್ ರೆಸಿನ್ನನ್ನು ತೆಳು ಮಾಡಲು ಸ್ಟೈರಿನ್ ಇರುತ್ತದೆ. ಆ ಘಾಟು ವಾಸನೆ ಅದರದ್ದೇ. ಥರ್ಮೊಕೋಲ್ ಅಂದರೆ ಪಾಲಿಸ್ಟೈರಿನ್. ಎರಡೂ ಒಂದೇ ಮನೆತನದವರು. ಸಿಕ್ಕಿದ ಕೂಡಲೇ ಕರಗಿ ಒಂದಾಗಿಬಿಡುತ್ತವೆ. ಎಪಾಕ್ಸಿ ರೆಸಿನ್ ಆದರೆ ಹೀಗಾಗುವುದಿಲ್ಲ, ಆದರೆ ಅದರ ಬೆಲೆ ಜಾಸ್ತಿ.

ಅವತ್ತಿನ ಪಾಠ ಅಲ್ಲಿಗೆ ಮುಗಿಯಲಿಲ್ಲ. ನಾನು ಕುಸಿದ ಪ್ಲಗ್ಗನ್ನು ನೋಡುತ್ತ ನಿಂತಿದ್ದಾಗ ಹಿಂದಿನಿಂದ ಚಟಚಟ ಸದ್ದು ಬಂತು. ಮಗ್ಗಿನಲ್ಲಿ ಮುಕ್ಕಾಲು ಕಿಲೋ ರೆಸಿನ್ ಉಳಿದಿತ್ತಲ್ಲ, ಅದು ಹೊಗೆಯಾಡುತ್ತಿತ್ತು. ಗಟ್ಟಿಯಾಗುವಾಗ ರೆಸಿನ್ ಬಿಸಿಯಾಗುತ್ತದೆ. ತೆಳುವಾಗಿ ಹರಡಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮಗ್ಗಿನಲ್ಲಿ ಒಟ್ಟಿಗೆ ಇದ್ದರೆ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತದೆ. ಪ್ಲಾಸ್ಟಿಕ್ ಮಗ್ಗು ಸೊಟ್ಟಗಾಗಿ, ಒಳಗಿನ ರೆಸಿನ್ ಬಿರುಕು ಬಿಟ್ಟು, ಬೆಲ್ಲದ ಅಚ್ಚಿನಂಥ ಒಂದು ಹಳದಿ ಗಟ್ಟಿ ಉಳಿಯಿತು. ಅದು ಈಗಲೂ ನನ್ನ ಮೇಜಿನ ಮೇಲಿದೆ. ಕಾಗದ ಹಾರದಂತೆ ಇಡಲು ಚೆನ್ನಾಗಿದೆ. ಆವತ್ತಿನಿಂದ ಒಂದು ಸಲಕ್ಕೆ 300 ಗ್ರಾಂಗಿಂತ ಹೆಚ್ಚು ಕಲಕಿದ್ದಿಲ್ಲ. ಹಾರ್ಡ್ನರನ್ನು ಅಂದಾಜಿಗೆ ಸುರಿಯುವುದನ್ನೂ ಬಿಟ್ಟೆ. ಕಿಲೋಗೆ 10ರಿಂದ 20 ಗ್ರಾಂ ಅದರ ಲೆಕ್ಕ. ನಮ್ಮ ಕರಾವಳಿಯ ಸೆಕೆಗೆ 10ರ ಹತ್ತಿರವೇ ಸಾಕು. ಮೆಡಿಕಲ್ ಶಾಪಿನ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಹಾಕುತ್ತಿದ್ದೆ. ಆ ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣು ಹೋಗಬಹುದು, ಹಾಗಾಗಿ ಕನ್ನಡಕ ಕಡ್ಡಾಯ. ಇನ್ನೊಂದು ಬಾಟಲಿ ಇರುತ್ತದೆ, ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್, ಗಟ್ಟಿಯಾಗುವುದನ್ನು ಚುರುಕು ಮಾಡುವಂಥದ್ದು. ಅದನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಕಬೇಕು, ಹಾರ್ಡ್ನರ್ ಆಮೇಲೆ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ನಾನು ಒಂದನ್ನು ಕೊಟ್ಟಿಗೆಯಲ್ಲೂ ಇನ್ನೊಂದನ್ನು ಹಿಂದಿನ ಚಾವಡಿಯಲ್ಲೂ ಇಟ್ಟಿದ್ದೆ. ಅಮ್ಮನಿಗೆ ಅದು ಅತ್ತೆ ಸೊಸೆಯರನ್ನು ಬೇರೆ ಇಟ್ಟ ಹಾಗೆ ಕಂಡಿತಂತೆ.

ದಪ್ಪ ಎಲ್ಲಿಗೆ ಹೋಗುತ್ತದೆ?

ಎರಡನೇ ಪ್ಲಗ್ ಪ್ಲೈವುಡ್ಡಿನದು. ಈ ಸಲ ಒಬ್ಬ ಫೈಬರ್ ಮೇಸ್ತ್ರಿಯನ್ನು ಕೇಳಿಯೇ ಶುರು ಮಾಡಿದೆ. ಅವರು ನಾಡದೋಣಿಗಳ ರಿಪೇರಿ ಮಾಡುವವರು, ನಮ್ಮ ಮನೆಯಿಂದ ಎರಡು ಕಿಲೋಮೀಟರು. ನಾನು ಪೆಟ್ಟಿಗೆಯ ಅಂಚನ್ನು ಅಳೆದು, ಅದರ ಮೇಲೆ ಸರಿಯಾಗಿ ಕೂರುವ ಅಳತೆಯಲ್ಲಿ ಚಿತ್ರ ಬರೆದುಕೊಂಡು ಹೋಗಿದ್ದೆ. ಅವರು ಬೀಡಿ ಆರಿಸಿ, ಚಿತ್ರ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಹ್ವಾಯ್, ಇದ್ರ ದಪ್ಪ ಒಳಗೆ ಹೋತ್ತಾ, ಹೊರಗೆ ಹೋತ್ತಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಪ್ಲಗ್ಗಿನ ಹೊರಮೈ ಅಂದರೆ ಮುಚ್ಚಳದ ಹೊರಮೈ. ಅಚ್ಚಿನೊಳಗೆ ಫೈಬರ್ ಹಾಕುತ್ತಾ ಹೋದ ಹಾಗೆ ಮುಚ್ಚಳ ಒಳಗಡೆಗೆ ದಪ್ಪವಾಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪ ಅಂದುಕೊಂಡರೂ ಎರಡು ಬದಿ ಸೇರಿ ಎಂಟು. ನನ್ನ ಚಿತ್ರದ ಹಾಗೆ ಮಾಡಿದ್ದರೆ ಮುಚ್ಚಳ ಪೆಟ್ಟಿಗೆಯ ಮೇಲೆ ಹತ್ತುತ್ತಲೇ ಇರಲಿಲ್ಲ. ಎರಡು ವಾರದ ಕೆಲಸ ನೀರುಪಾಲಾಗುತ್ತಿತ್ತು. ಆಮೇಲೆ ಅವರು ಬದಿಗಳನ್ನು ತೋರಿಸಿ, ಇದು ನೆಟ್ಟಗೆ ಇದ್ದರೆ ಅಚ್ಚು ಬಿಡುವುದಿಲ್ಲ, ಓರೆ ಕೊಡಿ ಎಂದರು. 40 ಮಿಲಿಮೀಟರ್ ಎತ್ತರದ ಬದಿಗೆ ಎರಡು ಮಿಲಿಮೀಟರ್ ಓರೆ. ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಳ್ಳದೆ ಬರುವುದು ಬಾಯಿ ಅಗಲ, ಬುಡ ಸಣ್ಣ ಇರುವುದಕ್ಕೇ ತಾನೇ? ಮೂಲೆಗಳನ್ನೂ ಉರುಟು ಮಾಡಬೇಕಿತ್ತು. ಗಾಜಿನ ಮ್ಯಾಟ್ ಚೂಪು ಮೂಲೆಯಲ್ಲಿ ಮಡಚಿ ಕೂರುವುದಿಲ್ಲ, ಎದ್ದು ನಿಲ್ಲುತ್ತದೆ. ಕೆಳಗೆ ಗಾಳಿ ಉಳಿಯುತ್ತದೆ. ಮುಂದೆ ಒಂದು ದಿನ ಅಲ್ಲಿ ಹೆಬ್ಬೆರಳು ಇಟ್ಟರೆ ಮೊಟ್ಟೆಯ ಸಿಪ್ಪೆಯ ಹಾಗೆ ಒಡೆಯುತ್ತದೆ.

ಪ್ಲೈವುಡ್ ಕೆಲಸ ಎರಡು ದಿನ. ಪುಟ್ಟಿ ಹಾಕಿ ಉಜ್ಜುವುದು ಹನ್ನೊಂದು ದಿನ. 80ರ ಸ್ಯಾಂಡ್‌ಪೇಪರ್, 120, 220, ಆಮೇಲೆ ನೀರು ಹಾಕಿ 400, 600. ಕೈಗೆ ನುಣುಪಾಗಿದೆ ಅನ್ನಿಸಿದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಸಮುದ್ರದ ಅಲೆ ಕಾಣುತ್ತಿತ್ತು. ಮತ್ತೆ ಪುಟ್ಟಿ. ಈ ಹನ್ನೊಂದು ದಿನ ನನಗೆ ಒಂದು ವಿಷಯ ಕೊರೆಯುತ್ತಲೇ ಇತ್ತು. ಇಷ್ಟು ಉಜ್ಜುತ್ತಿರುವುದು ದೋಣಿಗೆ ಹೋಗುವ ವಸ್ತುವನ್ನಲ್ಲ. ಇದನ್ನು ಯಾರೂ ನೋಡುವುದಿಲ್ಲ. ಅಚ್ಚು ಎದ್ದ ಮೇಲೆ ಇದರ ಜಾಗ ಕೊಟ್ಟಿಗೆಯ ಮೂಲೆ. ಆದರೆ ಇಲ್ಲಿ ಏನಿದೆಯೋ ಅದೇ ಅಲ್ಲಿ ಬರುವುದು. ಮರದಲ್ಲಿ ದೋಣಿ ಕಟ್ಟುವ ಆಚಾರಿಗಳಿಗೆ ಈ ಕಾಟ ಇರಲಿಲ್ಲ. ಹಲಗೆ ಸೊಟ್ಟ ಬಂದರೆ ಮುಂದಿನ ಹಲಗೆಯಲ್ಲಿ ಸರಿ ಮಾಡುತ್ತಿದ್ದರು. ಹಾಗಾಗಿ ಮರದ ದೋಣಿ ಒಂದಿದ್ದ ಹಾಗೆ ಇನ್ನೊಂದಿಲ್ಲ. ಗೇರೆಣ್ಣೆ ಬಳಿದು ಮರಳ ಮೇಲೆ ಮಗುಚಿ ಹಾಕಿದ್ದರೂ ಇದು ಇಂಥವರದ್ದು ಅಂತ ಚಿಕ್ಕಂದಿನಲ್ಲಿ ನಮಗೆ ದೂರದಿಂದ ಗೊತ್ತಾಗುತ್ತಿತ್ತು. ಈಗ ದಡದಲ್ಲಿ ಸಾಲಾಗಿ ನಿಂತ ಫೈಬರ್ ದೋಣಿಗಳನ್ನು ಬಣ್ಣ, ಹೆಸರು ನೋಡಿಯೇ ಗುರುತಿಸಬೇಕು. ಒಂದೇ ಅಚ್ಚಿನಲ್ಲಿ ಹುಟ್ಟಿದವು. ಆ ಅಚ್ಚಿನ ಮೂಲ ಪ್ಲಗ್ಗಿನಲ್ಲಿ ಎಲ್ಲೋ ಒಂದು ಗೆರೆ ತಪ್ಪಿದ್ದರೆ, ಎಲ್ಲ ದೋಣಿಗಳಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ತಪ್ಪಿರುತ್ತದೆ.

ಕೊನೆಗೆ ಬಣ್ಣ. ಮನೆಯ ಗೇಟಿಗೆ ಹೊಡೆಯುವ ಆಯಿಲ್ ಪೇಂಟ್ ಆಗುವುದಿಲ್ಲ, ರೆಸಿನ್ ತಾಗಿದರೆ ಸುಕ್ಕುಗಟ್ಟುತ್ತದೆ. ಗ್ಯಾರೇಜಿನ ಪೇಂಟರ್ ಒಬ್ಬರಿಂದ ಕಾರಿಗೆ ಹೊಡೆಯುವ, ಎರಡು ಡಬ್ಬಿಯದ್ದನ್ನು ಬೆರೆಸಿ ಬಳಸುವ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿದೆ. ಕನ್ನಡಿಯ ಹಾಗೆ ಬಂತು. ಒಣಗಿದೆಯಾ ಅಂತ ನೋಡಲು ಸಂಜೆ ಒಂದು ಸಲ ಹೆಬ್ಬೆರಳು ಇಟ್ಟೆ. ಒಣಗಿರಲಿಲ್ಲ.

ಹಲಸಿನ ಮೇಣ, ಸಕ್ಕರೆ ಅಚ್ಚು

ಈ ಕೆಲಸದ ಅರ್ಧ ಹೆದರಿಕೆ ಅಂಟಿಕೊಳ್ಳುವುದರದ್ದು. ರೆಸಿನ್ನಿಗೆ ಇದು ಮುಚ್ಚಳ, ಇದು ಪ್ಲಗ್ ಎಂಬ ಭೇದ ಗೊತ್ತಿಲ್ಲ. ಬಿಟ್ಟರೆ ಎರಡನ್ನೂ ಸೇರಿಸಿ ಒಂದು ಮಾಡಿಬಿಡುತ್ತದೆ. ಅದಕ್ಕೇ ನಡುವೆ ಮೇಣ. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇದೂ ಅದೇ. ಎಣ್ಣೆ ಬದಲು ಕಾರ್ನಾಬಾ ಮೇಣದ ಪಾಲಿಶ್. ಹಚ್ಚಬೇಕು, ಮಂಜು ಕಟ್ಟುವವರೆಗೆ ಬಿಡಬೇಕು, ಬಟ್ಟೆಯಲ್ಲಿ ಒರೆಸಬೇಕು. ಹೊಸ ಪ್ಲಗ್ಗಿಗೆ ಹೀಗೆ ಐದಾರು ಸಲ, ನಡುನಡುವೆ ಗಂಟೆಗಟ್ಟಲೆ ಬಿಟ್ಟು. ಅದರ ಮೇಲೆ ಪಿವಿಎ ಅಂತ ಒಂದು ದ್ರವ. ಸ್ಪಂಜಿನಲ್ಲಿ ಬಳಿದರೆ ಒಣಗಿ ಈರುಳ್ಳಿ ಸಿಪ್ಪೆಯಂಥ ಪೊರೆಯಾಗುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ನನ್ನ ಹೆಂಡತಿ ಮೈಸೂರಿನ ಕಡೆಯವಳು. ಅವಳ ತವರಿನಲ್ಲಿ ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು ಹಾಕುತ್ತಾರೆ. ಮೇಣ ಉಜ್ಜುತ್ತಿದ್ದ ನನ್ನನ್ನು ನೋಡಿ ಅವಳಿಗೆ ಅದು ನೆನಪಾಯಿತು. ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಹಾಕಬೇಕಂತೆ, ಇಲ್ಲದಿದ್ದರೆ ಪಾಕ ಮರಕ್ಕೆ ಕಚ್ಚಿಕೊಳ್ಳುತ್ತದೆ. ಆನೆ, ಬಾತುಕೋಳಿಯಂಥ ಆಕಾರಗಳಿಗೆ ಅಚ್ಚು ಎರಡು ಹೋಳು. ರಬ್ಬರ್ ಬ್ಯಾಂಡ್ ಹಾಕಿ ಬಿಗಿದು ಪಾಕ ಹೊಯ್ಯುವುದು, ಗಟ್ಟಿಯಾದ ಮೇಲೆ ಹೋಳು ಬಿಡಿಸುವುದು. "ಒಂದೇ ತುಂಡಿನ ಅಚ್ಚಾಗಿದ್ರೆ ಸೊಂಡಿಲು ಒಳಗೇ ಉಳಿಯುತ್ತೆ ಅಲ್ವಾ?" ಎಂದಳು. ಫೈಬರಿನವರು ದೊಡ್ಡ ಅಚ್ಚುಗಳಿಗೆ ನಡುವೆ ಬೋಲ್ಟ್ ಹಾಕಿ ಎರಡು ಹೋಳು ಮಾಡುವುದೂ ಇದಕ್ಕೇ. ನಾನು ಪುಸ್ತಕದಲ್ಲಿ ಎರಡು ಸಲ ಓದಿದರೂ ತಲೆಗೆ ಹೋಗದಿದ್ದದ್ದು ಸಕ್ಕರೆ ಆನೆಯ ಸೊಂಡಿಲಿನಿಂದ ಹೋಯಿತು. ನನ್ನ ಮುಚ್ಚಳಕ್ಕೆ ಪುಣ್ಯಕ್ಕೆ ಸೊಂಡಿಲಿಲ್ಲ. ಒಂದೇ ತುಂಡಿನ ಅಚ್ಚು ಸಾಕಾಯಿತು.

ಪ್ಲಗ್ಗನ್ನು ಸನ್ಮೈಕಾ ಅಂಟಿಸಿದ ಹಲಗೆಯ ಮೇಲೆ ಕೂರಿಸಿ, ಸಂದಿಗೆ ಮಕ್ಕಳ ಆಟದ ಜೇಡಿಮಣ್ಣು ತುಂಬಿ, ಕಪ್ಪು ಜೆಲ್‌ಕೋಟ್ ಬಳಿದೆ. ಇದು ಅಚ್ಚಿನ ಚರ್ಮ. ಅರ್ಧ ಮಿಲಿಮೀಟರ್ ದಪ್ಪ ಇರಬೇಕು. ತೆಳುವಾದರೆ ಮೇಲೆ ಬರುವ ರೆಸಿನ್ನಿನ ಸ್ಟೈರಿನ್ ಅದನ್ನು ಉಬ್ಬಿಸಿ ಮೊಸಳೆಯ ಬೆನ್ನು ಮಾಡುತ್ತದೆ. ಅದರ ಮೇಲೆ ಮೊದಲು ಒಂದೇ ಪದರ ತೆಳು ಮ್ಯಾಟ್, ಒಂದು ರಾತ್ರಿ ವಿರಾಮ. ಮರುದಿನ 450ರ ಮ್ಯಾಟ್ ಐದು ಪದರ. 450 ಅಂದರೆ ಒಂದು ಚದರ ಮೀಟರಿಗೆ 450 ಗ್ರಾಂ ಗಾಜು. ಪದರಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪ ಬರುತ್ತದೆ, ಗಾಜಿನ ಎರಡು ಪಟ್ಟಿಗಿಂತ ಜಾಸ್ತಿ ತೂಕದ ರೆಸಿನ್ ಕುಡಿಯುತ್ತದೆ. ಬಿಳಿ ಮ್ಯಾಟ್ ರೆಸಿನ್ ಕುಡಿದು ಕಣ್ಣೆದುರೇ ಕಾಣೆಯಾಗುವುದು ನೋಡಲು ಬಹಳ ಚಂದ. ಬಿಳಿ ಉಳಿದ ಕಡೆ ಗಾಳಿ ಇದೆ ಎಂದರ್ಥ, ಅಲ್ಲಿ ಕಬ್ಬಿಣದ ರೋಲರ್ ಓಡಿಸಬೇಕು.

ಚಂದ ಅಷ್ಟಕ್ಕೇ. ಅಂಚು ಕತ್ತರಿಸಿದ ದಿನದ ತುರಿಕೆ ಇದೆಯಲ್ಲ, ನಸುಗುನ್ನಿ ತಾಗಿದ ಹಾಗೆ. ಬಿಸಿನೀರು ಸ್ನಾನ ಮಾಡಿ ಇನ್ನೂ ಹೆಚ್ಚು ಮಾಡಿಕೊಂಡೆ. ತಣ್ಣೀರೇ ಹಾಕಬೇಕಿತ್ತು. ರಾತ್ರಿ ಕೆರೆದುಕೊಳ್ಳುತ್ತ ಈ ಗಾಜಿನ ನೂಲನ್ನು ಕಂಡುಹಿಡಿದವನು ಯಾರು ಅಂತ ಹುಡುಕಿದೆ. 1932ರಲ್ಲಿ ಅಮೆರಿಕದ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೊರಟಿದ್ದ. ಕರಗಿದ ಗಾಜಿಗೆ ಗಾಳಿಯ ರಭಸ ತಾಗಿ ನೂಲು ನೂಲಾಗಿ ಹಾರಿತಂತೆ. ಹತ್ತು ವರ್ಷ ಕಳೆದು 1942ರಲ್ಲಿ ಒಹಾಯೋದ ರೇ ಗ್ರೀನ್ ಅದಕ್ಕೆ ಪಾಲಿಯೆಸ್ಟರ್ ರೆಸಿನ್ ಸೇರಿಸಿ ದೋಣಿಯನ್ನೇ ಮಾಡಿದರು. ಅವರಿಗೂ ತುರಿಸಿರಬೇಕು.

ಬೆಣೆ

ಐದು ದಿನ ಬಿಟ್ಟು ಅಚ್ಚು ಎಬ್ಬಿಸಲು ಕೂತೆ. ಮೇ ಕೊನೆಯ ವಾರ. ಆಕಾಶ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಆಮೇಲೆ ಫೈಬರ್ ಕೆಲಸ ಇಲ್ಲ. ಮ್ಯಾಟ್ ಪಸೆ ಎಳೆದುಕೊಳ್ಳುತ್ತದೆ, ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಅಚ್ಚು ಮಿಸುಕಲಿಲ್ಲ. ಜೋರು ಮಾಡಿದೆ. ಅಂಚಿನ ಒಂದು ಚೂರು ಕಿತ್ತು ಬಂತು. ಸುತ್ತಿಗೆ ತಂದು ಮೇಲಿನಿಂದ ಬಡಿದೆ. ಗೋಡೆಗೆ ಬಡಿದ ಹಾಗೆ ಸದ್ದು. ಅಂಟಿಕೊಂಡೇ ಬಿಟ್ಟಿದೆ, ಎಲ್ಲೋ ಮೇಣ ತಪ್ಪಿದೆ, ಪ್ಲಗ್ಗನ್ನು ಒಡೆದು ತೆಗೆಯುವುದೊಂದೇ ದಾರಿ ಅಂದುಕೊಂಡೆ. ಬೆವರಿನಲ್ಲಿ ಗಾಜಿನ ಪುಡಿ ಬೇರೆ.

ಆಗ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದರು. ಗೇಟಿನಿಂದಲೇ, "ಎಂತ ಮರ್ರೆ, ಹೊಡಿಬೇಡಿ ಅದಕ್ಕೆ" ಎಂದರು. ಹಿತ್ತಲಿಗೆ ಹೋಗಿ ಒಂದು ಬಿದಿರಿನ ತುಂಡು ತಂದು, ನನ್ನ ಕತ್ತಿಯಲ್ಲೇ ನಾಲ್ಕು ಬೆಣೆ ಸೀಳಿದರು. ನಾಲ್ಕೂ ಬದಿಯಲ್ಲಿ ಒಂದೊಂದು, ಉಗುರಿನಷ್ಟು ಮಾತ್ರ ತೂರಿಸಿದರು. "ನೀರ್ ಬಿಡಿ" ಎಂದರು. ತೋಟದ ಪೈಪು ತಂದು ಸಂದಿಗೆ ಹಿಡಿದೆ. ಅವರು ಬೀಡಿ ಹಚ್ಚಲು ಗೇಟಿನ ಹೊರಗೆ ಹೋದರು. ರೆಸಿನ್ ಇರುವ ಜಾಗದಲ್ಲಿ ಬೆಂಕಿ ಕಡ್ಡಿ ಗೀಚುವವರಲ್ಲ. ಮಾಸ್ಕು, ಗ್ಲೌಸು ಮಾತ್ರ ಇವತ್ತಿನವರೆಗೆ ಹಾಕಿದವರಲ್ಲ, ಅದು ಬೇರೆ ವಿಷಯ. ಹತ್ತು ನಿಮಿಷ ನಾನು ಸುಮ್ನೆ ನೀರು ಬಿಡುತ್ತ ನಿಂತಿದ್ದೆ. ಸಂದಿಯಿಂದ ಲೋಳೆ ಲೋಳೆಯಾಗಿ ಏನೋ ಹರಿದು ಬರತೊಡಗಿತು. ಪಿವಿಎ ಪೊರೆ ಕರಗುತ್ತಿತ್ತು. ಅವರು ಬಂದು ಬೆಣೆಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಒಳಗೆ ಒತ್ತಿದರು. ಅಂಗೈಯಿಂದ ಅಚ್ಚಿನ ಬೆನ್ನು ತಟ್ಟುತ್ತ ಕಿವಿಗೊಟ್ಟರು. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಒಂದು ಕಡೆ ಸದ್ದು ಬದಲಾಯಿತು. ಗಟ್ಟಿ ಸದ್ದು ಹೋಗಿ ಟೊಳ್ಳು ಬಂತು. ಆ ಟೊಳ್ಳು ತಟ್ಟಿದ ಹಾಗೆ ಹಾಗೇ ಹರಡುತ್ತ ಈ ಕಡೆಗೆ ಬಂತು. "ಅದ್ ತನ್ನಷ್ಟಕ್ಕೇ ಬತ್ತ್" ಎಂದರು. ಚರ್ರ್ ಅಂತ ಸದ್ದಾಗಿ ಅಚ್ಚು ಎದ್ದಿತು.

ಕಪ್ಪು, ಒದ್ದೆ, ಹೊಳಪು. ಒಳಗೆ ಮೋಡ ಕಾಣುತ್ತಿತ್ತು. ಮೇಸ್ತ್ರಿ ನೋಡಲಿಲ್ಲ, ಬೆರಳು ಓಡಿಸಿದರು. ಮೂಲೆಯ ಹತ್ತಿರ ಬೆರಳು ನಿಂತಿತು. ಪ್ಲಗ್ಗಿನಲ್ಲಿ ತಗ್ಗಾಗಿದ್ದದ್ದು ಅಚ್ಚಿನಲ್ಲಿ ಉಬ್ಬಾಗಿತ್ತು, ಸೊಳ್ಳೆ ಕಚ್ಚಿದಷ್ಟು. "ಇದ್ ನಿಮ್ದಾ?" ಎಂದರು. ಹೌದೆಂದೆ. 600ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿದರೆ ಐದು ನಿಮಿಷದಲ್ಲಿ ಹೋಗುತ್ತದೆ, ಆಮೇಲೆ ಪಾಲಿಶ್ ಮಾಡಿ ಮತ್ತೆ ಮೇಣ ಹಾಕಿ ಎಂದರು. ಮತ್ತೆ ಮೇಣ ಎಂದ ಕೂಡಲೇ ನನ್ನ ಭುಜ ನೋಯಿತು. "ಇರ್ಲಿ ಬಿಡಿ, ಒಂದೇ ಮುಚ್ಚಳ ಅಲ್ವಾ" ಎಂದೆ. ಅವರು ಏನೂ ಹೇಳಲಿಲ್ಲ. ಕಾಫಿ ಕುಡಿದು ಹೋದರು.

ಮುಚ್ಚಳ ಹಾಕಿದ್ದು ಒಂದೇ ದಿನದ ಕೆಲಸ. ಬಿಳಿ ಜೆಲ್‌ಕೋಟ್, ಮೂರು ಪದರ ಮ್ಯಾಟ್. ಮರುದಿನ ಬೆಣೆ, ನೀರು, ಅಂಗೈ. ದೋಣಿಗೆ ಒಯ್ದು ಇಟ್ಟರೆ ಪೆಟ್ಟಿಗೆಯ ಮೇಲೆ ಟಪ್ ಅಂತ ಕೂತಿತು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಪ್ಲಗ್ಗನ್ನು ತೋಟದ ಪಂಪಿನ ಮೇಲೆ ಕವುಚಿ ಹಾಕಿದೆ. ಕನ್ನಡಿಯಂಥ ಹೊಳಪಿನ, ಕಾರಿನ ಬಣ್ಣದ ಪಂಪ್ ಮುಚ್ಚಳ ನಮ್ಮ ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿಲ್ಲ.

ಡಿಸೆಂಬರಿನಲ್ಲಿ ಆಚೆ ದಡದ ಒಬ್ಬರು ಹುಡುಕಿಕೊಂಡು ಬಂದರು. ಅವರದ್ದೂ ಅದೇ ದೋಣಿ, ಅದೇ ಅಚ್ಚಿನಲ್ಲಿ ಹುಟ್ಟಿದ್ದು. ಅವರ ಮುಚ್ಚಳವೂ ಅದೇ ಜಾಗದಲ್ಲಿ ಸೀಳಿದೆ. ನಿಮ್ಮ ಹತ್ತಿರ ಅಚ್ಚು ಇದೆಯಂತಲ್ಲ, ಒಂದು ಹಾಕಿ ಕೊಡಿ ಎಂದರು. ಹೇಗಿದ್ದರೂ ಮೇಣ ಹೊಸದಾಗಿ ಹಾಕಬೇಕಿತ್ತು. 600ರ ಪೇಪರನ್ನು ನೀರಿನಲ್ಲಿ ನೆನೆಸಿ ಆ ಉಬ್ಬಿನ ಮೇಲೆ ಇಟ್ಟೆ. ಎರಡು ಸಲ ಬೆರಳಾಡಿಸಿ ನೋಡಿದೆ. ಪೇಪರನ್ನು ಹಿಂಡಿ ಬದಿಗಿಟ್ಟು ಮೇಣದ ಡಬ್ಬಿ ತೆಗೆದೆ. ಯಾಕೆ ಅಂತ ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ.

ಕಳೆದ ಭಾನುವಾರ ನದಿಯಲ್ಲಿ ಅವರ ದೋಣಿ ಎದುರಾಯಿತು. ಎಂಜಿನ್ ನಿಧಾನ ಮಾಡಿ, "ಮುಚ್ಚಳ ಲಾಯ್ಕ್ ಆಯ್ತ್, ಒಂದು ಹನಿ ನೀರ್ ಇಳಿಲಿಲ್ಲ" ಎಂದು ಕೂಗಿದರು. ನಾನು ಕೈ ಎತ್ತಿದೆ. ಏಳು ಗಂಟೆಯ ಬಿಸಿಲು ನೀರಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಅವರ ದೋಣಿ ದಾಟಿ ಹೋಗುವವರೆಗೂ ಮುಚ್ಚಳದ ಎಡಮೂಲೆಯನ್ನೇ ನೋಡುತ್ತಿದ್ದೆ.